ಬೇಸಿಗೆಯಲ್ಲಿ ಮಡಿಕೇರಿಗೆ ಬರುವವರು ಮೈದಾನಕ್ಕೂ ಬನ್ನಿ

ಹೋದ ಶನಿವಾರ ಸಂಜೆ ತರಕಾರಿ ಚೀಲ ಹಿಡಿದುಕೊಂಡು ರಾಜಾಸೀಟ್ ರಸ್ತೆಯಲ್ಲಿ ನಡೆದು ಬರ್ತಾ ಇದ್ದೆ. ಕಾರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿದ್ದವು. ಅದರಲ್ಲೊಂದು ಕಾರಿನ ಗಾಜು ಇಳಿಯಿತು. ನನ್ನದೇ ವಯಸ್ಸಿನ ಹೆಂಗಸು. "ಮೇಡಂ, ರಾಜಾಸೀಟ್ ನೋಡಿ ಆಯ್ತು. ಅಬ್ಬಿ ಫಾಲ್ಸ್‌ನಲ್ಲಿ ನೀರೇ ಇಲ್ಲ. ಇಲ್ಲಿ ಇನ್ನೇನಿದೆ ನೋಡೋಕೆ?" ಅಂದರು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಸೆಕೆಗೆ ಬಾಡಿ ನಿದ್ದೆ ಹೋಗಿದ್ದವು.

"ಮೈದಾನಕ್ಕೆ ಹೋಗಿ, ಮ್ಯಾಚ್ ನಡೀತಿದೆ" ಅಂದೆ.

"ಯಾರ್ಯಾರ ಮಧ್ಯೆ?"

"ಮನೆಯವರ ಮಧ್ಯೆ."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳೋಣ ಅನ್ನುವಷ್ಟರಲ್ಲಿ ಹಿಂದಿನ ಗಾಡಿಯವರು ಹಾರ್ನ್ ಹೊಡೆದರು, ಕಾರು ನಾಲ್ಕು ಮಾರು ಮುಂದೆ ಹೋಗಿಬಿಟ್ಟಿತು. ಆ ಅಕ್ಕನಿಗೆ ಕೊಡಬೇಕಿದ್ದ ಉತ್ತರ ಒಂದು ವಾರದಿಂದ ಮನಸ್ಸಿನಲ್ಲೇ ಕೂತಿದೆ. ಅದನ್ನೇ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ನಾನು ಕೊಡವಳಲ್ಲ. ಅಪ್ಪ ಸರ್ಕಾರಿ ಕೆಲಸದಲ್ಲಿ ವರ್ಗವಾಗಿ ಇಲ್ಲಿಗೆ ಬಂದವರು, ಇಲ್ಲೇ ಉಳಿದರು. ಆಗ ನಾನು ಹೈಸ್ಕೂಲು. ಪಕ್ಕದ ಮನೆಯಲ್ಲಿ ಕೊಡವ ಆಂಟಿ ಒಬ್ಬರಿದ್ದರು. ರಜೆಯಲ್ಲಿ ನಾನು ಬೇಜಾರಾಗಿ ಮೆಟ್ಟಿಲ ಮೇಲೆ ಕೂತಿದ್ದನ್ನು ನೋಡಿ, ಒಂದು ಬೆಳಿಗ್ಗೆ "ಬಾ, ನಮ್ಮ ಮನೆಯವರ ಮ್ಯಾಚ್ ಇದೆ" ಅಂತ ಜೀಪಿಗೆ ಹತ್ತಿಸಿಕೊಂಡರು. ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗಿ ಎರಡನೆಯ ವರ್ಷವೋ ಮೂರನೆಯ ವರ್ಷವೋ ಇರಬೇಕು. ಜೀಪಿನಲ್ಲಿ ಹದಿಮೂರು ಜನ, ಒಂದು ದೊಡ್ಡ ಪಾತ್ರೆ ತುಂಬಾ ಕಡಂಬುಟ್ಟು ಅನ್ನುವ ಅಕ್ಕಿ ಕಡುಬು, ಎಂಟೊಂಬತ್ತು ಹಾಕಿ ಸ್ಟಿಕ್ಕು. ಮೈದಾನದಲ್ಲಿ ಕಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮಿಲಿಟರಿಯಿಂದ ರಜೆ ಮೇಲೆ ಬಂದಿದ್ದ ಅಣ್ಣ, ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗಿ, ತಲೆ ನರೆತ ದೊಡ್ಡಪ್ಪ, ಮೀಸೆ ಇನ್ನೂ ಚಿಗುರದ ಹುಡುಗ, ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ತಂಡದಲ್ಲಿ ಓಡುತ್ತಿದ್ದರು. ಅಂಗಿಯ ಬೆನ್ನಿನ ಮೇಲೆ ಮನೆಹೆಸರು. ಆ ಸಲ ಮೊದಲ ಸುತ್ತಿನಲ್ಲೇ ಸೋತೆವು. "ಸೋತೆವು" ಅಂತಲೇ ಬರೆಯಬೇಕು, ಯಾಕೆಂದರೆ ಸಂಜೆ ವಾಪಸು ಬರುವಾಗ ನಾನೂ ಆ ಮನೆಯವಳೇ ಆಗಿಬಿಟ್ಟಿದ್ದೆ.

ಹೊರಗಿನವರಿಗೆ ಇದರ ಹಿನ್ನೆಲೆ ಹೇಳಬೇಕು. ಕೊಡವರಲ್ಲಿ ಒಕ್ಕ ಅಂದರೆ ಒಂದು ಮನೆಹೆಸರಿನ, ಒಂದು ಐನ್‌ಮನೆಗೆ, ಅಂದರೆ ಹಿರಿಯರ ಮೂಲಮನೆಗೆ, ಸೇರಿದ ಬಳಗ. ಓದು, ಸೈನ್ಯ, ಬ್ಯಾಂಕು, ಕಂಪನಿ ಅಂತ ಜನ ಚದುರಿದ ಮೇಲೆ ಒಂದೇ ಒಕ್ಕದವರಿಗೆ ಒಬ್ಬರ ಮುಖ ಒಬ್ಬರಿಗೆ ಮರೆಯುವ ಹಾಗಾಗಿತ್ತು. ಬ್ಯಾಂಕ್ ನೌಕರಿಯಿಂದ ನಿವೃತ್ತರಾಗಿದ್ದ ಪಾಂಡಂಡ ಕುಟ್ಟಪ್ಪನವರು ಅವರನ್ನೆಲ್ಲ ಮತ್ತೆ ಕೂಡಿಸಲು ಹಾಕಿಯನ್ನೇ ಹಿಡಿದರು. 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆದಾಗ ಬಂದದ್ದು 60 ಕುಟುಂಬ. ಅಲ್ಲಿಂದ ಮುಂದೆ ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತುಕೊಳ್ಳುತ್ತದೆ, ಕಪ್ ಆ ಕುಟುಂಬದ ಹೆಸರಲ್ಲೇ ಇರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮುದ್ದಂಡ ಕುಟುಂಬ ನಮ್ಮ ಮಡಿಕೇರಿಯಲ್ಲೇ 25ನೆಯ ಹಬ್ಬ ಮಾಡಿತು, 396 ಕುಟುಂಬಗಳು ಹೆಸರು ಕೊಟ್ಟವು. ಸೋತವರು ಮನೆಗೆ ಅನ್ನುವ ನಾಕೌಟ್ ಲೆಕ್ಕದಲ್ಲೇ ಆದರೂ ಒಬ್ಬ ವಿಜೇತನನ್ನು ಹುಡುಕಲು 395 ಪಂದ್ಯ ಬೇಕು. ಒಂದು ಪುಟ್ಟ ಜಿಲ್ಲೆಯಲ್ಲಿ, ಒಂದು ಬೇಸಿಗೆಯಲ್ಲಿ, ಅಪ್ಪ ಮಕ್ಕಳು ಅಣ್ಣ ತಮ್ಮಂದಿರು ಸೇರಿ ಇದನ್ನು ಮಾಡುತ್ತಾರೆ ಅನ್ನುವುದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಎಲ್ಲರೂ ಈ ಮಣ್ಣಿನವರೇ. ಆದರೆ ನನ್ನ ಮಟ್ಟಿಗೆ ಹಬ್ಬದ ತೂಕ ಇರುವುದು ದೊಡ್ಡ ಆಟಗಾರರಲ್ಲಿ ಅಲ್ಲ, ಚೆಂಡು ಕಾಲಿಗೆ ತಾಗಿದರೂ ಬಿದ್ದು ನಗುವ ಅತ್ತೆಯಂದಿರಲ್ಲಿ. ವರ್ಷಪೂರ್ತಿ ಸ್ಟಿಕ್ ಮುಟ್ಟದವರು ಆ ಒಂದು ಪಂದ್ಯಕ್ಕಾಗಿ ಎರಡು ವಾರ ಬೆಳಿಗ್ಗೆ ಎದ್ದು ತೋಟದ ಕಣದಲ್ಲಿ ಅಭ್ಯಾಸ ಮಾಡುತ್ತಾರೆ. ಕಾಳುಮೆಣಸು ಒಣಗಿಸಿ ಖಾಲಿಯಾದ ಕಣ, ಅದೇ ಅವರ ಸ್ಟೇಡಿಯಂ.

ಹಾಕಿ ಒಂದೇ ಅಲ್ಲ. ಗೌಡ ಕುಟುಂಬಗಳ ಕ್ರಿಕೆಟ್ ನಡೆಯುತ್ತದೆ, ಬೇರೆ ಬೇರೆ ಸಮುದಾಯದವರೂ ತಮ್ಮ ತಮ್ಮ ಪಂದ್ಯಾವಳಿ ಮಾಡುತ್ತಾರೆ. ಮೇ ಕೊನೆಗೆ ದೇವರಪುರದ ಕಡೆ ಬುಡಕಟ್ಟು ಜನರ ಕುಂಡೆ ಹಬ್ಬ. ಬೆಳಿಗ್ಗೆ ಆರಕ್ಕೆಲ್ಲ ಮೈದಾನದಲ್ಲಿ ಮಕ್ಕಳ ಬೇಸಿಗೆ ಶಿಬಿರ ಶುರುವಾಗಿರುತ್ತದೆ. ನನ್ನ ಮಗಳು ಎರಡು ವರ್ಷದಿಂದ ಹೋಗುತ್ತಿದ್ದಾಳೆ. ಮೊದಲ ದಿನ ಅಳುತ್ತಾ ಹೋದವಳು ಈಗ ಅಲಾರಂ ಹೊಡೆಯುವ ಮೊದಲೇ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಆ ಹೊತ್ತಿನ ಮಂಜಿನಲ್ಲಿ ಮಕ್ಕಳು ಕಾಣುವುದಿಲ್ಲ, ಚೆಂಡಿಗೆ ಸ್ಟಿಕ್ ತಾಗುವ ಸದ್ದು ಮಾತ್ರ ಕೇಳುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಹೋದ ತಿಂಗಳು ಅಂಗಡಿಯೊಂದರಲ್ಲಿ ಕೇಳಿದ ಮಾತು ನನ್ನನ್ನು ಕೊರೆಯುತ್ತಿದೆ. "ಸೀಸನ್ ಮುಗಿಯುವವರೆಗೆ ಮೈದಾನವನ್ನು ಪಾರ್ಕಿಂಗ್‌ಗೆ ಬಿಟ್ಟರೆ ಎಲ್ಲ ಸರಿಹೋಗುತ್ತೆ, ಅಲ್ಲಿ ಆಡಿ ಏನಾಗಬೇಕಿದೆ?" ಅಂದರು ಒಬ್ಬರು. ಕೆಟ್ಟ ಮನುಷ್ಯರಲ್ಲ ಅವರು. ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲದೆ ವ್ಯಾಪಾರ ತಪ್ಪುತ್ತಿದೆ ಅನ್ನುವುದು ಅವರ ಸಂಕಟ. ಆದರೆ ಅಲ್ಲಿದ್ದ ನಾಲ್ಕು ಜನ ತಲೆಯಾಡಿಸಿದರಲ್ಲ, ಅದು ನನಗೆ ಹೆದರಿಕೆ ಹುಟ್ಟಿಸಿತು. ನಾನು ಅಲ್ಲೇ ವಾದ ಮಾಡಿದೆ, ದನಿ ಸ್ವಲ್ಪ ಏರಿತು ಕೂಡ. ಅದಕ್ಕೆ ನನಗೆ ಬೇಸರವಿಲ್ಲ.

ಮೈದಾನ ಖಾಲಿಯಾದರೆ ಈ ಊರು ಹೇಗಿರುತ್ತದೆ ಅಂತ ನಾವು ಒಮ್ಮೆ ನೋಡಿಬಿಟ್ಟಿದ್ದೇವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಆ ಹೆಸರುಗಳನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ತೋಟಕ್ಕೆ ತೋಟವೇ ಮನೆಯ ಸಮೇತ ಜಾರಿ ಹೋಯಿತು. ಮರುವರ್ಷ ಕುಟುಂಬಗಳ ಹಾಕಿ ಹಬ್ಬ ನಡೆಯಲಿಲ್ಲ. ಮನೆ ಕಳೆದುಕೊಂಡವರ ಮುಂದೆ ಕಪ್ ಎತ್ತುವ ಮನಸ್ಸು ಯಾರಿಗಿತ್ತು? ಆಮೇಲೆ ಕೋವಿಡ್. ಕುಟ್ಟಪ್ಪನವರೂ 2020ರಲ್ಲಿ ತೀರಿಕೊಂಡರು. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ಮತ್ತೆ ಹಬ್ಬ ಶುರು ಮಾಡುವವರೆಗೆ ನಾಲ್ಕು ಬೇಸಿಗೆ ಹಾಗೇ ಹೋದವು. 2019ರ ಮೇ ತಿಂಗಳಲ್ಲಿ ಪ್ರವಾಸಿಗರು ಮತ್ತೆ ಬರತೊಡಗಿದ್ದರು, ರಾಜಾಸೀಟ್‌ನಲ್ಲಿ ಜನ ಇದ್ದರು, ವಾರಾಂತ್ಯದಲ್ಲಿ ರಸ್ತೆ ತುಂಬಿತ್ತು. ಆದರೂ ಪಕ್ಕದ ಮನೆ ಆಂಟಿ ಗೇಟಿನ ಹತ್ತಿರ ನಿಂತು "ಈ ಸಲ ಯಾರೂ ಬರಲಿಲ್ಲ ಅಲ್ವಾ" ಅಂದದ್ದು ನೆನಪಿದೆ. ಅವರ ಲೆಕ್ಕದಲ್ಲಿ ಬರಬೇಕಾದವರು ಮೈದಾನಕ್ಕೆ ಬರುವ ಅವರ ತಂಗಿ, ಭಾವ, ದೆಹಲಿಯ ಮೊಮ್ಮಕ್ಕಳು.

ನೀರಿನ ಮಾತು ಬೇರೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನೀರಿಗೆ ಬರವೇ ಅಂತ ಬಂದವರೆಲ್ಲ ಕೇಳುತ್ತಾರೆ. ಮಡಿಕೇರಿ ಏಣಿನ ಮೇಲಿನ ಊರು. ಬಿದ್ದ ಮಳೆಯೆಲ್ಲ ಇಳಿಜಾರಿನಲ್ಲಿ ಓಡಿ ಕೆಳಗಿನವರ ಪಾಲಾಗುತ್ತದೆ. ನಮ್ಮ ನಲ್ಲಿಗೆ ಕೂಟುಹೊಳೆ ಕಡೆಯಿಂದ, ಕುಂಡಾಮೇಸ್ತ್ರಿ ನೀರಿನ ಯೋಜನೆಯಿಂದ ನೀರು ಮೇಲೆ ಬರಬೇಕು. ಏಪ್ರಿಲ್‌ನಲ್ಲಿ ಹೊಳೆ ಸೊರಗುತ್ತದೆ, ಜನ ಹೆಚ್ಚಾಗುವುದೂ ಅದೇ ಏಪ್ರಿಲ್‌ನಲ್ಲೇ. ನಮ್ಮ ಮನೆ ಇರುವುದು ಏರಿನಲ್ಲಿ, ನೀರು ಬಿಟ್ಟ ದಿನವೂ ಕೊನೆಗೆ ತಲುಪುವುದು ನಮಗೆ. ಕೊಡ, ಬಕೆಟ್, ಅಡುಗೆಮನೆಯ ದಬರಿ, ಸಿಕ್ಕಿದ್ದರಲ್ಲೆಲ್ಲ ಹಿಡಿದಿಡುತ್ತೇವೆ. ರಸ್ತೆಯಾಚೆಯ ವಸತಿಗೃಹವೊಂದಕ್ಕೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಟ್ಯಾಂಕರ್ ಬರುತ್ತದೆ. ಅದನ್ನು ನೋಡುತ್ತಾ ಪಾತ್ರೆ ತೊಳೆಯುವಾಗ ಸಿಟ್ಟು ಬರುವುದು ಸುಳ್ಳಲ್ಲ.

ಹಾಗಂತ ಯಾರೂ ಬರಬೇಡಿ ಅನ್ನುವವಳು ನಾನಲ್ಲ. ನಮ್ಮ ಕೆಳಗಿನ ಮನೆಯವರು ಎರಡು ಕೋಣೆಯನ್ನು ಹೋಂಸ್ಟೇ ಮಾಡಿಕೊಂಡಿದ್ದಾರೆ, ಅವರ ಮಗನ ಕಾಲೇಜು ಫೀಸು ಈ ಎರಡು ತಿಂಗಳ ದುಡಿಮೆ. ಮಾಂದಲಪಟ್ಟಿ ಗುಡ್ಡಕ್ಕೆ ಜೀಪ್ ಓಡಿಸುವ ಹುಡುಗರಿಗೂ ಇದೇ ಸೀಸನ್. ಬರುವ ಜನರಿಂದ ಊರಿಗೆ ಅನ್ನ ಇದೆ. ನಾನು ಕೇಳುವುದು, ಬರುವವರಿಗೆ ಒಂದು ಲೆಕ್ಕ ಇರಲಿ ಅಂತ. ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಬಂತು. 2025ರ ಬೇಸಿಗೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಅಂತ ಮಿತಿಯನ್ನೂ ಹಾಕಿದರು. ಊಟಿಯ ವ್ಯಾಪಾರಿಗಳು ಇದನ್ನು ವಿರೋಧಿಸಿದ್ದೂ ಗೊತ್ತು. ಅದನ್ನೇ ಎತ್ತಿ ಇಲ್ಲಿಡಿ ಅನ್ನುತ್ತಿಲ್ಲ. ನಮ್ಮ ಹೊಳೆಯಲ್ಲಿ ಏಪ್ರಿಲ್‌ನಲ್ಲಿ ಎಷ್ಟು ನೀರಿದೆ, ನಮ್ಮ ರಸ್ತೆ ಎಷ್ಟು ಗಾಡಿ ತಾಳುತ್ತದೆ, ಇವೆರಡನ್ನು ಮೊದಲು ಎಣಿಸಿ. ಗಾಡಿಗಳನ್ನು ಊರ ಹೊರಗೆ ನಿಲ್ಲಿಸಿ, ಅಲ್ಲಿಂದ ಸಣ್ಣ ಬಸ್ಸು ಓಡಿಸಿ. ದೊಡ್ಡ ವಸತಿಗೃಹಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಲಿ. ಇಷ್ಟು ಮಳೆ ಬೀಳುವ ಊರಿನಲ್ಲಿ ಅದನ್ನು ಮಾಡದಿರಲು ಯಾರಿಗೂ ನೆಪ ಇರಬಾರದು. ಮೈದಾನದ ಒಂದು ಅಡಿಯನ್ನೂ ಪಾರ್ಕಿಂಗ್‌ಗೆ ಕೇಳಬೇಡಿ.

ಈಗ ಆ ಅಕ್ಕನಿಗೆ ಬರುತ್ತೇನೆ.

ಅಕ್ಕಾ, ನೀವು ಕೇಳಿದ್ದರಲ್ಲಿ ತಪ್ಪಿಲ್ಲ. ನಾವು ನಿಮಗೆ ತೋರಿಸುತ್ತಾ ಬಂದದ್ದೇ ಜಲಪಾತ, ಮಂಜು, ಸೂರ್ಯಾಸ್ತ. ಬೇಸಿಗೆಯಲ್ಲಿ ಜಲಪಾತ ಒಣಗುತ್ತದೆ, ಮಧ್ಯಾಹ್ನ ಮಂಜಿರುವುದಿಲ್ಲ. ಜನರು ಮಾತ್ರ ಇರುತ್ತಾರೆ. ಮುಂದಿನ ಸಲ ಬಂದಾಗ ಒಂದು ಬೆಳಿಗ್ಗೆಯನ್ನು ಖಾಲಿ ಇಟ್ಟುಕೊಳ್ಳಿ. ಕಾರು ಹೋಂಸ್ಟೇಯಲ್ಲೇ ಇರಲಿ. ಮಡಿಕೇರಿಯ ಮೈದಾನವಾಗಲಿ, ಆ ವರ್ಷ ಹಬ್ಬ ನಡೆಯುವ ಬೇರೆ ಊರಿನ ಮೈದಾನವಾಗಲಿ, ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ಮೆಟ್ಟಿಲ ಮೇಲೆ ಯಾವುದಾದರೂ ಒಂದು ಗುಂಪಿನ ಪಕ್ಕ ಕೂತುಬಿಡಿ. ಐದು ನಿಮಿಷಕ್ಕೆ "ಎಲ್ಲಿಂದ ಬಂದ್ರಿ?" ಅಂತಾರೆ, ಹತ್ತು ನಿಮಿಷಕ್ಕೆ ಅಂಗಳದಲ್ಲಿ ಓಡುತ್ತಿರುವವರಲ್ಲಿ ತಮ್ಮ ಮಗ ಯಾರು, ಸೊಸೆ ಯಾರು ಅಂತ ಬೆರಳು ಮಾಡಿ ತೋರಿಸುತ್ತಾರೆ. ನಿಮ್ಮ ಮಕ್ಕಳು ಗ್ಯಾಲರಿಯ ಹಿಂದೆ ಆಡುವ ಮಕ್ಕಳ ಜೊತೆ ಸೇರಿಕೊಳ್ಳಲಿ, ಅಲ್ಲಿ ಯಾವಾಗಲೂ ಒಂದು ಹಳೇ ಸ್ಟಿಕ್ಕು, ಒಂದು ರಬ್ಬರ್ ಚೆಂಡು ಇರುತ್ತದೆ. ಗೋಲಾದಾಗ ವಾಲಗದವರು ಬಾರಿಸಿದರೆ ಎದ್ದು ಕುಣಿಯುವವರ ಜೊತೆ ನೀವೂ ಏಳಬಹುದು, ಯಾರೂ ಏನೂ ಅನ್ನುವುದಿಲ್ಲ.

ಮನೆಯಿಂದ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬನ್ನಿ, ಖಾಲಿ ಬಾಟಲಿ ವಾಪಸು ಒಯ್ಯಿರಿ. ಮಕ್ಕಳಿಗೆ ಟೋಪಿ ಇರಲಿ, ಹತ್ತು ಗಂಟೆ ಮೇಲೆ ಬಿಸಿಲು ಚುರುಕಾಗುತ್ತದೆ. ಛತ್ರಿ ಮರೆಯಬೇಡಿ. ಏಪ್ರಿಲ್ ಕೊನೆಗೆ ಮೂರು ನಾಲ್ಕು ಗಂಟೆಗೆಲ್ಲ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ, ಆಗ ಗ್ಯಾಲರಿಯಲ್ಲಿ ಒಂದು ಛತ್ರಿಯಡಿ ನಾಲ್ಕು ಜನ ನಿಲ್ಲಬೇಕಾಗುತ್ತದೆ.