ಸತ್ಯಾಂಶ: ಕಪ್ಪು ಕಾರಿಗೆ ಡೀಸೆಲ್ ಒರೆಸಿದರೆ ಧೂಳು ಕೂರಲ್ವಾ?

"ಕಪ್ಪು ಕಾರನ್ನು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ವಾರಗಟ್ಟಲೆ ಧೂಳು ಕೂರಲ್ಲ" ಎಂಬ ಮೆಸೇಜ್ ಹುಬ್ಬಳ್ಳಿಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಒರೆಸಿದ ಕೂಡಲೇ ಫಳಫಳ ಹೊಳೆಯುವುದು ನಿಜ. ಆದರೆ ಆ ಹೊಳಪು ಎಣ್ಣೆಯ ಪಸೆಯದು. ಗದಗ ರಸ್ತೆಯಲ್ಲಿ ಒಮ್ಮೆ ಹೋಗಿ ಬನ್ನಿ, ಎರೆಮಣ್ಣಿನ ಧೂಳು ಆ ಪಸೆಗೆ ಇನ್ನೂ ಜಾಸ್ತಿ ಅಂಟಿರುತ್ತದೆ. ಮೊದಲೇ ಹಚ್ಚಿದ ವ್ಯಾಕ್ಸ್ ಕೂಡ ಡೀಸೆಲ್‌ಗೆ ಕರಗಿಹೋಗುತ್ತದೆ.

ಅದಕ್ಕಿಂತ ದೊಡ್ಡ ಹಾನಿ ಒರೆಸುವುದರಿಂದಲೇ ಆಗುತ್ತದೆ. ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಬಣ್ಣದ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಪದರ ಇರುತ್ತದಲ್ವಾ, ಅದು ತಲೆಗೂದಲಿಗಿಂತ ತೆಳು. ಮರಳು ಅದಕ್ಕಿಂತ ಗಟ್ಟಿ. ಬಟ್ಟೆಯಡಿ ಸಿಕ್ಕ ಕಣ ಉಜ್ಜಿದಷ್ಟೂ ಗೀರುತ್ತದೆ. ಬಿಸಿಲಲ್ಲಿ ಬಾನೆಟ್ ನೋಡಿ: ಸೂರ್ಯನ ಬಿಂಬದ ಸುತ್ತ ಜೇಡರಬಲೆಯಂಥ ಗೆರೆಗಳು. ಬಿಳಿ ಕಾರಿನಲ್ಲೂ ಇರುತ್ತವೆ, ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಬರೀ ನೀರು ಹೊಡೆದು ಧೂಳು ಇಳಿಸಿ. ಆಮೇಲೆ ಕಾರ್ ಶಾಂಪೂ, ಎರಡು ಬಕೆಟ್. ಒಂದರಲ್ಲಿ ನೊರೆ, ಇನ್ನೊಂದು ಬಟ್ಟೆ ಜಾಲಿಸಲು. ನೆರಳಲ್ಲೇ ತೊಳೆಯಿರಿ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಬೇಡಿ, ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಮೈಕ್ರೋಫೈಬರ್ ಬಟ್ಟೆ ಹಾಸಿ ನೀರು ಹೀರಿಸಿ. ಮರುದಿನ ಮತ್ತೆ ಧೂಳು ಕೂರುತ್ತದೆ. ಕೂರಲಿ, ಸುಮ್ನೆ ಒಣಬಟ್ಟೆ ಮಾತ್ರ ಹಚ್ಚಬೇಡಿ.