ಬಾಯಿಮಾತಿಗೆ ಬ್ಯಾಕ್ಟೀರಿಯಾದ ಜಾಮೀನು

ಪ್ರಯೋಗಾಲಯದ ಇಲಿಗೆ ನೋವಾಗುತ್ತಿದೆಯೇ ಎಂದು ತಿಳಿಯುವುದು ಸುಲಭ. ಅದನ್ನು ತಂತಿಜಾಲರಿಯ ಮೇಲೆ ನಿಲ್ಲಿಸಿ, ಕೆಳಗಿನಿಂದ ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಎಳೆ ಬಾಗುವವರೆಗೆ ಒತ್ತುತ್ತಾರೆ. ಇಲಿ ಸರಕ್ಕನೆ ಕಾಲು ಎಳೆದುಕೊಂಡರೆ ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ. "ನಿನಗೆ ಚಿಂತೆ ಜಾಸ್ತಿ" ಎಂದು ಇಲಿಗೆ ಯಾರೂ ಬುದ್ಧಿ ಹೇಳುವುದಿಲ್ಲ. "ಯಾವುದಾದರೂ ಹವ್ಯಾಸ ಬೆಳೆಸಿಕೋ" ಎಂದು ಸಾಗಹಾಕುವುದೂ ಇಲ್ಲ. ಕಾಲೆತ್ತಿತೇ? ಹಾಗಾದರೆ ನೋವಿದೆ.

ಈ ಮರ್ಯಾದೆ ಮನುಷ್ಯರಿಗೆ ಸಿಗುವುದು ಅಪರೂಪ. ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆಯಲ್ಲಿ ಮೈಯೆಲ್ಲ ನೋಯುತ್ತದೆ, ಮಲಗಿ ಎದ್ದರೂ ದಣಿವು ಆರುವುದಿಲ್ಲ. ಆದರೆ ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್‌ಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಕಾಯಿಲೆಯ ಹೆಸರು ಹೊತ್ತವರಲ್ಲಿ ಹೆಂಗಸರೇ ಹೆಚ್ಚು. ಆದ್ದರಿಂದ ನಂಬದಿರುವುದು ಇನ್ನಷ್ಟು ಸಲೀಸು. ಅವರು ಸಮಾಧಾನದಿಂದ ಹೇಳಿದರೂ, ಅತ್ತು ಹೇಳಿದರೂ ಬರುವ ತೀರ್ಪು ಒಂದೇ: "ಎಲ್ಲ ನಿಮ್ಮ ಮನಸ್ಸಿನಲ್ಲಿದೆ." ಪಾಪ, ಮಾತನಾಡಿ ಕೆಟ್ಟರು. ಸುಮ್ಮನೆ ಕಾಲೆತ್ತಬೇಕಿತ್ತು.

ಕೊನೆಗೆ ಕರುಳಿನ ಬ್ಯಾಕ್ಟೀರಿಯಾಗಳೇ ಸಾಕ್ಷಿಕಟ್ಟೆ ಹತ್ತಬೇಕಾಯಿತು. 2019ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಈ ಕಾಯಿಲೆಯಿದ್ದ 77 ಮಹಿಳೆಯರ ಮಲವನ್ನೂ ಕಾಯಿಲೆಯಿಲ್ಲದವರ ಮಲವನ್ನೂ ಹೋಲಿಸಿ ನೋಡಿದರು. ಕೆಲವು ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿದ್ದವು, ಕೆಲವು ಕಡಿಮೆಯಿದ್ದವು. ನೋವು ಹೆಚ್ಚಿದ್ದವರಲ್ಲಿ ವ್ಯತ್ಯಾಸವೂ ಹೆಚ್ಚಿತ್ತು. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಇದರಿಂದ ತೀರ್ಮಾನವಾಗದು ಎಂದು ಸಂಶೋಧಕರೇ ಎಚ್ಚರಿಸಿದರು. ಆದರೇನು, ಬಾಯಿ ವರ್ಷಗಟ್ಟಲೆ ಹೇಳಿದ್ದಕ್ಕೆ ಇಲ್ಲದ ಬೆಲೆ ಮಲ ಒಮ್ಮೆ ಹೇಳಿದ್ದಕ್ಕೆ ಬಂತು.

ವಿಜ್ಞಾನದ ಮೇಲೆ ನನಗೆ ತಕರಾರಿಲ್ಲ. ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಕೊಬ್ಬಿನಾಮ್ಲಗಳು, ಅವು ಮಾರ್ಪಡಿಸುವ ಪಿತ್ತರಸದ ಆಮ್ಲಗಳು, ಅವುಗಳ ಕೋಶಭಿತ್ತಿಯ ಚೂರುಗಳು ರೋಗನಿರೋಧಕ ಕಣಗಳನ್ನೂ ನರಗಳನ್ನೂ ಕೆರಳಿಸಬಲ್ಲವು, ಶಾಂತಗೊಳಿಸಲೂಬಲ್ಲವು. ಒಂದೂ ಸೂಕ್ಷ್ಮಜೀವಿಯಿಲ್ಲದಂತೆ ಬೆಳೆಸಿದ ಇಲಿಗಳಿಗೆ ಉರಿಯೂತದ ನೋವು ಕಡಿಮೆ ಎಂದು 2008ರಲ್ಲಿ ಬ್ರೆಜಿಲ್‌ನ ಸಂಶೋಧಕರು ತೋರಿಸಿದರು. ಅಂಥವೇ ಇಲಿಗಳಲ್ಲಿ ಕರುಳಿನ ಒಳನೋವು ಮಾತ್ರ ಹೆಚ್ಚು ಎಂದು ಬೇರೊಂದು ಅಧ್ಯಯನ ಹೇಳಿತು. ಅಂದರೆ ಈ ಜೀವಿಗಳು ಒಂದು ಕಡೆ ನೋವು ಕೊಡುತ್ತವೆ, ಇನ್ನೊಂದು ಕಡೆ ತಡೆಯುತ್ತವೆ. ಇಷ್ಟು ಗೋಜಲಿನ ವಿಷಯವನ್ನು ಪ್ರಾಮಾಣಿಕವಾಗಿ ಹೇಳಲು ಪ್ರೋಬಯಾಟಿಕ್, ಅಂದರೆ "ಒಳ್ಳೆಯ" ಬ್ಯಾಕ್ಟೀರಿಯಾ ತುಂಬಿದ ಮಾತ್ರೆಗಳ ಡಬ್ಬಿಯ ಮೇಲೆ ಜಾಗ ಸಾಲದು.

ಡಬ್ಬಿಗೆ ಅದರ ಅಗತ್ಯವೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈಗ ಇಲಿ ಕಾಲೆತ್ತಿದರೆ ಮನುಷ್ಯನಿಗೆ ಮಾತ್ರೆ. ಮುಂಭಾಗದಲ್ಲಿ ನಗುವ ಹೊಟ್ಟೆಯ ಚಿತ್ರ, ಕೆಳಗೆ "5,000 ಕೋಟಿ ಜೀವಂತ ಮಿತ್ರರು". ನಮ್ಮೊಳಗೆ ಈಗಾಗಲೇ ಸುಮಾರು 38 ಲಕ್ಷ ಕೋಟಿ ಇದ್ದಾರೆ. ಜಾತ್ರೆಗೆ ಇನ್ನೊಂದು ಬಸ್ ಬಂದಿತೆಂದು ತೇರು ತಿರುಗುತ್ತದೆಯೇ? ಹಿಂಭಾಗದಲ್ಲಿ, ಇರುವೆಗೆ ಓದಲು ಅನುಕೂಲವಾಗುವ ಅಕ್ಷರಗಳಲ್ಲಿ: "ಈ ಉತ್ಪನ್ನ ಯಾವುದೇ ರೋಗದ ಚಿಕಿತ್ಸೆಗಾಗಿ ಅಲ್ಲ." ಇಡೀ ಡಬ್ಬಿಯಲ್ಲಿ ಸತ್ಯವಾದ ವಾಕ್ಯ ಅದೊಂದೇ, ಅದನ್ನು ಓದಲು ಭೂತಗನ್ನಡಿ ಬೇಕು.

ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಕಿರಿಕಿರಿ ಕರುಳಿನ ಕಾಯಿಲೆಗೆ (ಐಬಿಎಸ್) ಪ್ರೋಬಯಾಟಿಕ್‌ಗಳನ್ನು ಸಂಶೋಧನಾ ಪ್ರಯೋಗದ ಹೊರಗೆ ಬಳಸುವುದು ಬೇಡವೆಂದು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲೇ ಹೇಳಿತು. ಅದಕ್ಕೂ ಮೊದಲು, 2018ರಲ್ಲಿ, ಇಸ್ರೇಲಿನ ವಿಜ್ಞಾನಿಗಳು ಕಂಡದ್ದು ಇನ್ನೂ ಸ್ವಾರಸ್ಯಕರ. ಆಂಟಿಬಯಾಟಿಕ್ ಮುಗಿಸಿದವರು ಪ್ರೋಬಯಾಟಿಕ್ ನುಂಗಿದರೆ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳಿ ನೆಲೆಗೊಳ್ಳುವುದು ತಡವಾಗುತ್ತದೆ. ಮಿತ್ರರು ಬಂದು ಜಗಲಿಯಲ್ಲಿ ಕೂತರು, ಮನೆಯವರು ಹೊರಗೆ ನಿಂತರು.

ಇದೆಲ್ಲದರ ನಡುವೆ ರೋಗಿಗೆ ಸಿಕ್ಕಿದ್ದೇನು? ಮನೆಗೇ ಬರುವ ಮಲಪರೀಕ್ಷೆಯ ವರದಿ. ಬಣ್ಣಬಣ್ಣದ ವೃತ್ತ, ನಡುವೆ ಅಂಕ: ನೂರಕ್ಕೆ 41. ಶಾಲೆ ಬಿಟ್ಟು ದಶಕಗಳಾದ ಮೇಲೆ ಕರುಳಿನಲ್ಲಿ ನಪಾಸು! ನಿನ್ನೆಯವರೆಗೆ "ನೀವು ತುಂಬಾ ಯೋಚಿಸುತ್ತೀರಿ" ಎನ್ನುತ್ತಿದ್ದವರೇ ಇಂದು "ನೀವು ಕರುಳನ್ನು ಸರಿಯಾಗಿ ನೋಡಿಕೊಂಡಿಲ್ಲ" ಎನ್ನುತ್ತಾರೆ. ಆರೋಪ ತಲೆಯಿಂದ ಹೊಟ್ಟೆಗೆ ವರ್ಗವಾಯಿತು, ಆರೋಪಿ ಬದಲಾಗಲಿಲ್ಲ.

ನನ್ನದೊಂದು ವ್ಯಾಪಾರದ ಸಲಹೆಯಿದೆ. ಸೂಕ್ಷ್ಮಜೀವಿಯಿಲ್ಲದ ಇಲಿ ವಾಸಿಸುವುದು ಮುಚ್ಚಿದ ಪ್ಲಾಸ್ಟಿಕ್ ಗೂಡಿನಲ್ಲಿ. ಗಾಳಿ ಸೋಸಿ ಬರುತ್ತದೆ, ಆಹಾರವನ್ನು ಕ್ರಿಮಿಶುದ್ಧಿ ಮಾಡಿ ಕೊಡುತ್ತಾರೆ, ಗೋಡೆಗೆ ಜೋಡಿಸಿದ ರಬ್ಬರ್ ಕೈಗವಸಿನ ಮೂಲಕವಲ್ಲದೆ ಯಾರೂ ಮುಟ್ಟುವಂತಿಲ್ಲ. ಅಂಥದ್ದೇ ಗೂಡನ್ನು ಮನುಷ್ಯರ ಅಳತೆಯಲ್ಲಿ ಮಾಡಿ ಕಂತಿನ ಮೇಲೆ ಮಾರಬಹುದು. ಮೊದಲು ಕಾಯ್ದಿರಿಸಿದವರಿಗೆ 5,000 ಕೋಟಿ ಜೀವಂತ ಮಿತ್ರರ ಡಬ್ಬಿಯೊಂದು ಉಚಿತ.