ಓದಿದವರ ಹೆಬ್ಬೆಟ್ಟು

ನನ್ನದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು. ಮಂಗಳೂರಿಂದ ಬರುವಾಗ ಶಿರಾಡಿ ಹತ್ತಿ, ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಹೋಳಿಗೆ ಬೇಯಿಸುವ ಒಲೆ ಮುಂದೆ ನಿಂತ ಹಾಗೆ ಮುಖಕ್ಕೆ ಬಿಸಿ ರಾಚಿತು. ಟರ್ಬೊ ಅಂದರೆ ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್ನಿಗೇ ಹೆಚ್ಚು ಗಾಳಿ ತುಂಬುವ ಸಾಧನ. ಅದರ ಪಕ್ಕದ ವೈರಿನ ಪ್ಲಾಸ್ಟಿಕ್ ಕೊಳವೆ ಹಪ್ಪಳದಂತೆ ಮುರುಟಿತ್ತು.

"ಜೋರಾಗಿ ಓಡಿಸಿದ್ರೆ ಟರ್ಬೊಗೆ ನುಗ್ಗೋ ಹೊಗೆ 900 ಡಿಗ್ರಿ ಮುಟ್ಟುತ್ತೆ ಸಾರ್. ಸೆರಾಮಿಕ್ ಕೋಟಿಂಗ್ ಮಾಡಿಸ್ಬಿಡಿ," ಎಂದರು ಮೆಕ್ಯಾನಿಕ್.

ಒಂದು ಅಂಗಡಿಗೆ ಫೋನ್ ಮಾಡಿದೆ.

"ಇದೆ ಸಾರ್. ಯಾವ ಕಲರ್ ಗಾಡಿ? ಒಳ್ಳೇ ಶೈನಿಂಗ್ ಬರುತ್ತೆ."

"ಶೈನಿಂಗ್ ಬೇಡ. ಬಾನೆಟ್ ಒಳಗಿನ ಟರ್ಬೊಗೆ ಬೇಕು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನ ಯಾರು ನೋಡ್ತಾರೆ ಸಾರ್?"

ಅಮ್ಮನ ಚಿಂತೆಯೇ ಬೇರೆ. "ಸೆರಾಮಿಕ್ ಅಂದ್ರೆ ಉಪ್ಪಿನಕಾಯಿ ಜಾಡಿ ಪಿಂಗಾಣಿ ತಾನೇ? ನಮ್ಮ ರೋಡಲ್ಲಿ ಉಳಿಯುತ್ತೇನೋ?"

ಕೊನೆಗೆ ಪೀಣ್ಯದಲ್ಲಿ ಒಂದು ಶೆಡ್ ಸಿಕ್ಕಿತು. ಅಲ್ಲಿನ ಹುಡುಗ ಚೆನ್ನಾಗಿ ವಿವರಿಸಿದ. ಫ್ಲಾಸ್ಕ್ ಕಾಫಿಯ ಬಿಸಿಯನ್ನು ಒಳಗೇ ಹಿಡಿದ ಹಾಗೆ, ಈ ತೆಳು ಲೇಪ ಹೊಗೆಯ ಬಿಸಿಯನ್ನು ಒಳಗೇ ಹಿಡಿಯುತ್ತದಂತೆ. ಬಿಸಿ ಹೊಗೆಯಲ್ಲಿ ಕಸುವು ಜಾಸ್ತಿ, ಟರ್ಬೊ ಚುರುಕಾಗಿ ತಿರುಗುತ್ತದೆ. ಬಾನೆಟ್ ಕೆಳಗೂ ತಂಪು. ಅಂದರೆ, ಸುಮಾರು ತಂಪು.

ಅವನು ಟರ್ಬೊ ಬಿಚ್ಚಿ, ಹೊಗೆ ಹೋಗುವ ಎರಕದ ಹೊರಕವಚವನ್ನು ಮಾತ್ರ ತೆಗೆದುಕೊಂಡ. ಬೋಲ್ಟ್ ತೂತು, ಗ್ಯಾಸ್ಕೆಟ್ ಕೂರುವ ಜಾಗಕ್ಕೆಲ್ಲ ಟೇಪ್ ಸುತ್ತಿ, ಮರಳಿನಂಥ ಪುಡಿಯನ್ನು ಜೋರಾಗಿ ಚಿಮ್ಮಿಸಿ ಬ್ಲಾಸ್ಟಿಂಗ್ ಮಾಡಿದ. ವರ್ಷಗಳ ತುಕ್ಕು ಹೋಗಿ ಬೂದು ಬಣ್ಣದ ಹೊಸ ಲೋಹ ಹೊರಗೆ ಬಂತು. "ಬರಿಗೈಲಿ ಮುಟ್ಬೇಡಿ ಸಾರ್, ಎಣ್ಣೆ ಹತ್ತಿದ್ರೆ ಕೋಟಿಂಗ್ ಕಚ್ಚಲ್ಲ," ಎಂದು ಹೇಳಿ ಟೀ ತರಲು ಹೋದ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಮುಟ್ಟದೆ ಇರಲಾದೀತೇ? ಸುಮ್ನೆ ಒಂದು ಸಲ ಹೆಬ್ಬೆರಳು ಒತ್ತಿ ನೋಡಿದೆ. ಉಪ್ಪುಕಾಗದದ ಹಾಗೆ ತರಿತರಿ, ಹಿತವಾಗಿತ್ತು. ಬೆಳಿಗ್ಗೆ ತುಪ್ಪದ ದೋಸೆ ತಿಂದು ಟಿಶ್ಯೂನಲ್ಲಿ ಕೈ ಒರೆಸಿಕೊಂಡಿದ್ದು ಆಗ ನೆನಪಾಗಲಿಲ್ಲ.

ಸ್ಪ್ರೇ ಆಯಿತು, ಓವನ್ನಿನಲ್ಲಿ ಬೇಯಿತು. ಹಳೇ ದೋಸೆ ಹಂಚಿನಂಥ ಕಪ್ಪು ಬಂತು.

ಮುಂದಿನ ತಿಂಗಳು ಮತ್ತೆ ಶಿರಾಡಿ. ಬಾನೆಟ್ ಎತ್ತಿದರೆ ಬಿಸಿ ನಿಜಕ್ಕೂ ಕಡಿಮೆ, ಹೊಸ ಕೊಳವೆ ನೆಟ್ಟಗಿತ್ತು. ಖುಷಿಯಲ್ಲಿ ಮೆಕ್ಯಾನಿಕ್‌ಗೆ ತೋರಿಸಲು ಹೋದೆ. ಅವರು ಟಾರ್ಚ್ ಬಿಟ್ಟು ನೋಡಿದರು. ಕಪ್ಪು ಲೇಪದ ನಡುವೆ ಒಂದು ಕಡೆ ಮಾತ್ರ ಚಕ್ಕೆ ಎದ್ದು, ಅಂಡಾಕಾರಕ್ಕೆ ತುಕ್ಕು ಕಾಣುತ್ತಿತ್ತು.

"ಇದೇನ್ ಸಾರ್, ಇಷ್ಟು ಓದಿ ಹೆಬ್ಬೆಟ್ಟು ಒತ್ತಿದ್ದೀರಾ?"

ನಾನು ಬಲಗೈಯನ್ನು ಮೆಲ್ಲಗೆ ಜೇಬಿಗಿಳಿಸಿದೆ.